ಲಿಮಿಟ್ ದಾಟಿಸಿದ ಟೈಲರಮ್ಮ

ಟೈಲರಮ್ಮನಿಗೆ ಮೊದಲು ಸಿಟ್ಟು ಬಂದದ್ದು ಬ್ಯಾಂಕಿನ ಮೇಲಲ್ಲ, ಪಕ್ಕದ ಬೀದಿಯ ಓವರ್‌ಲಾಕ್‌ನವನ ಮೇಲೆ. ಬಟ್ಟೆಯ ಅಂಚಿನ ನೂಲು ಬಿಚ್ಚಿಕೊಳ್ಳದಂತೆ ಹೊಲಿಯುವ ಆ ಓವರ್‌ಲಾಕ್ ಮೆಷಿನ್ ಇಡೀ ಬಡಾವಣೆಯಲ್ಲಿ ಅವನೊಬ್ಬನ ಹತ್ತಿರವೇ ಇದ್ದದ್ದರಿಂದ ಅವನು ಸ್ಟೂಲಿನ ಮೇಲೆ ಸಿಂಹಾಸನಾರೂಢನಾಗಿ ಕೂತಿರುತ್ತಿದ್ದ. ದೊಡ್ಡ ಹೋಟೆಲಿನ ಅಡುಗೆಯವರಿಗೆ ಅರವತ್ತು ಕೋಟು ಹೊಲಿಯುವ ಆರ್ಡರ್ ಸಿಕ್ಕಿದೆ, ಸ್ವಲ್ಪ ಬೇಗ ಅಂಚು ಹಾಕಿಕೊಡಪ್ಪ ಎಂದು ಅವಳು ಕೇಳಿದಾಗ ಅವನು ಹಲ್ಲಿನಿಂದ ದಾರ ಕಡಿದು, "ಅಷ್ಟು ಅವಸರ ಇದ್ರೆ ನೀವೇ ಒಂದು ಮೆಷಿನ್ ತಗೊಂಡ್ಬಿಡಿ ಅಕ್ಕಾ" ಎಂದು ನಕ್ಕ.

"ತಗೋತೀನಿ" ಎಂದಳು ಟೈಲರಮ್ಮ.

ಬಾಯಿಗೆ ಬಂದದ್ದನ್ನು ಹೇಳಿದ್ದಳು, ಅಷ್ಟೇ. ಆದರೆ ಮನೆ ತಲುಪುವ ಹೊತ್ತಿಗೆ ಅದು ಪ್ರತಿಜ್ಞೆಯಾಗಿ ಹೋಗಿತ್ತು.

ಮೆಷಿನ್ ಅಂಗಡಿಯವನು ಒಂದು ಆಸೆ ತೋರಿಸಿದ. ಕೆಂಪು ಕಾರ್ಡಿನಲ್ಲಿ ಕೊಂಡರೆ ನೂರಕ್ಕೆ ಇಪ್ಪತ್ತು ಕಡಿಮೆ, ಶನಿವಾರದವರೆಗೆ ಮಾತ್ರ. ಟೈಲರಮ್ಮನ ಹತ್ತಿರ ಒಂದೇ ಬ್ಯಾಂಕಿನ ಎರಡು ಕ್ರೆಡಿಟ್ ಕಾರ್ಡುಗಳಿದ್ದವು. ನೀಲಿ ಕಾರ್ಡಿಗೆ ಮೂರು ಲಕ್ಷದ ಲಿಮಿಟ್ಟು. (ಯಾವುದೋ ಮಳಿಗೆಯ ಮೆಟ್ಟಿಲ ಹತ್ತಿರ ಟೈ ಕಟ್ಟಿಕೊಂಡು ನಿಂತಿದ್ದವನು ಕಾಡಿಬೇಡಿ ಅಂಟಿಸಿದ್ದು. ಅದನ್ನು ತೋರಿಸಿದರೆ ವಿಮಾನ ನಿಲ್ದಾಣದಲ್ಲಿ ಸೋಫಾದ ಮೇಲೆ ಕೂರಬಹುದಂತೆ. ವಿಮಾನ ಹತ್ತಿದವರು ಈ ಮನೆಯಲ್ಲಿ ಯಾರೂ ಇರಲಿಲ್ಲ.) ಕೆಂಪು ಕಾರ್ಡಿಗೆ ಬರೀ ಮೂವತ್ತು ಸಾವಿರ. ಮೆಷಿನ್ನಿಗೆ ಅದು ಸಾಲದು.

"ಇದರಲ್ಲೇನು ಮಹಾ!" ಎಂದಳು ಟೈಲರಮ್ಮ, ಕತ್ತರಿ ಕೆಳಗಿಟ್ಟು. "ಈ ಕೊಡದಲ್ಲಿ ಇರೋ ನೀರನ್ನ ಆ ಕೊಡಕ್ಕೆ ಬಗ್ಗಿಸೋದು. ಫೋನ್ ಮಾಡಿದ್ರೆ ಐದು ನಿಮಿಷದ ಕೆಲಸ."

"ಬ್ಯಾಂಕಿಗೆ ಹೋಗಿ ಕೇಳಬಹುದಲ್ವಾ?" ಎಂದ ಗಂಡ. ಅವನು ಹೀಗೆ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಇಪ್ಪತ್ತೆರಡು ವರ್ಷ ಗ್ರಂಥಾಲಯದಲ್ಲಿ ಗುಮಾಸ್ತನಾಗಿದ್ದು ಅವನ ಗಂಟಲು ಪಿಸುಮಾತಿಗೆ ಒಗ್ಗಿಹೋಗಿತ್ತು.

ಸೋಮವಾರ ಬೆಳಿಗ್ಗೆ ಯುದ್ಧ ಶುರುವಾಯಿತು. ಒಂದನ್ನು ಒತ್ತಿ, ನಾಲ್ಕನ್ನು ಒತ್ತಿ, ಮತ್ತೆ ಒಂದನ್ನು ಒತ್ತಿ ಎಂದು ಫೋನು ಅಪ್ಪಣೆ ಕೊಡಿಸುತ್ತಾ ಹೋಯಿತು. ಆಮೇಲೆ ಸ್ಪೀಕರಿನಲ್ಲಿ ಪೀಪಿಯ ಸಂಗೀತ. ಕಿಟಕಿಯ ಪಕ್ಕ ಗುಂಡಿಗಳಿಗೆ ಕಾಜಾ ಹೊಲಿಯುತ್ತಿದ್ದ ಅತ್ತೆ ತಲೆದೂಗಿ, "ಇದು ಚೆನ್ನಾಗಿದೆ ಕಣೇ, ಕಟ್ ಮಾಡ್ಬೇಡ" ಎಂದರು. ಹದಿನೆಂಟು ನಿಮಿಷದ ನಂತರ ಸಂಗೀತ ನಿಂತು ಒಂದು ಸಕ್ಕರೆಯಂಥ ಧ್ವನಿ ಬಂತು.

"ನಿಮ್ಮ ಕಾರ್ಡಿನ ಕೊನೆಯ ನಾಲ್ಕು ಅಂಕಿ ಹೇಳ್ತೀರಾ ಮೇಡಂ?"

"ಹೇಳಲ್ಲ. ಯಾರಿಗೂ ಏನೂ ಹೇಳಬೇಡಿ ಅಂತ ನಿಮ್ಮ ಬ್ಯಾಂಕೇ ವಾರಕ್ಕೆ ಎರಡು ಸಲ ಮೆಸೇಜ್ ಕಳಿಸುತ್ತೆ."

"ಅದು ಬೇರೆಯವರಿಗೆ ಮೇಡಂ. ನಮಗೆ ಹೇಳಬಹುದು."

"ನೀವೇನು ನನಗೆ ನೆಂಟರಾ?"

ಹುಟ್ಟಿದ ತಾರೀಖು, ತಾಯಿಯ ಹೆಸರು ಎಲ್ಲಾ ಒಪ್ಪಿಸಿದರೂ ಆ ನಾಲ್ಕು ಅಂಕಿಯನ್ನು ಮಾತ್ರ ಟೈಲರಮ್ಮ ಬಿಟ್ಟುಕೊಡಲಿಲ್ಲ. ಅಂಥ ಸೌಲಭ್ಯವೇ ಇಲ್ಲ ಎಂದಿತು ಮೊದಲನೆಯ ಧ್ವನಿ. ಸೌಲಭ್ಯ ಇದೆ, ಆದರೆ ಅದು ಬೇರೆ ವಿಭಾಗ ಎಂದಿತು ಎರಡನೆಯದು. ಆ ಬೇರೆ ವಿಭಾಗದಲ್ಲಿ ಫೋನ್ ಎತ್ತಿದವನು, ಇದು ಮೊದಲಿನ ವಿಭಾಗದ್ದೇ ಕೆಲಸ ಎಂದು ಅವಳನ್ನು ಮತ್ತೆ ಪೀಪಿಗೆ ಒಪ್ಪಿಸಿದ. ಅಳತೆ ಪುಸ್ತಕದಲ್ಲಿ ಗಿರಾಕಿಗಳ ಎದೆ ಸುತ್ತಳತೆಯ ಕೆಳಗೆ ಟೈಲರಮ್ಮ ಪ್ರತಿಯೊಂದು ಕರೆಯನ್ನೂ ಬರೆದಿಟ್ಟಳು: "ಮಂಗಳವಾರ, ಹನ್ನೊಂದು ಗಂಟೆ, ಮೂಗಲ್ಲಿ ಮಾತಾಡೋನು, ಸುಳ್ಳ."

"ಬಿಟ್ಟುಬಿಡೇ, ತಲೆನೋವು" ಎಂದರು ಅತ್ತೆ.

"ಬಿಡೋದಾ? ನನ್ನ ಲಿಮಿಟ್ಟು ಅತ್ತೆ ಅದು! ನನ್ನ ಜೇಬಿಂದ ನನ್ನ ಜೇಬಿಗೆ ಹಾಕ್ಕೊಳ್ಳೋಕೆ ಇವರ ಅಪ್ಪಣೆ ಯಾಕೆ ಬೇಕು?"

ಬುಧವಾರ ಗಂಡ ಊಟದ ವಿರಾಮದಲ್ಲಿ ಗ್ರಂಥಾಲಯದ ಎದುರಿಗೇ ಇದ್ದ ಬ್ಯಾಂಕಿನ ಶಾಖೆಗೆ ಹೋದ. ಕೌಂಟರಿನಲ್ಲಿದ್ದ ಕನ್ನಡಕದ ಹುಡುಗಿ ಒಂದು ಹಾಳೆಯ ಫಾರಂ ಕೊಟ್ಟಳು. ಅವನು ಮುತ್ತಿನಂಥ ಅಕ್ಷರದಲ್ಲಿ ತುಂಬಿದ: ನೀಲಿ ಕಾರ್ಡಿನಲ್ಲಿ ಮೂವತ್ತು ಸಾವಿರ ಬಿಟ್ಟು ಉಳಿದದ್ದೆಲ್ಲ ಕೆಂಪಿಗೆ. ಮನೆಗೆ ತಂದು ಹೆಂಡತಿಯ ಮುಂದಿಟ್ಟಾಗ ಅವಳು ಕಿವಿಗೆ ಫೋನು, ಕೈಯಲ್ಲಿ ಸೀಮೆಸುಣ್ಣ, ಬಾಯಲ್ಲಿ ಮೂರು ಗುಂಡುಸೂಜಿ ಇಟ್ಟುಕೊಂಡು ಎಂಟನೆಯ ಧ್ವನಿಗಾಗಿ ಕಾಯುತ್ತಿದ್ದಳು. ಯಾವ ಕಾಗದ ಎಂದು ನೋಡದೆ ಸಹಿ ಎಳೆದು, ಆಚೆ ಹೋಗಿ ಎಂದು ಕೈ ಬೀಸಿದಳು. ಗುರುವಾರ ಬೆಳಿಗ್ಗೆ ಗಂಡ ಅದನ್ನು ಶಾಖೆಗೆ ಕೊಟ್ಟ, ಹತ್ತೂವರೆಗೆಲ್ಲ ಕೆಲಸ ಮುಗಿಯಿತು. ಕೆಂಪಿಗೆ ಮೂರು ಲಕ್ಷ, ನೀಲಿಗೆ ಮೂವತ್ತು ಸಾವಿರ. ಬ್ಯಾಂಕಿನಿಂದ ಅವಳಿಗೆ ಮೆಸೇಜೂ ಬಂತು. ಬ್ಯಾಂಕಿನ ಮೆಸೇಜನ್ನೆಲ್ಲ ಓದುತ್ತಾ ಕೂತರೆ ಬಟ್ಟೆ ಹೊಲಿಯುವವರು ಯಾರು?

ಗಂಡ ಹೇಳದೇ ಇರಲಿಲ್ಲ. ಸಂಜೆ ಬಂದವನೇ, "ಆಯ್ತು ಕಣೇ" ಎಂದ. ಹೊಲಿಗೆ ಮೆಷಿನ್ ಗಡಗಡ ಓಡುತ್ತಿತ್ತು.

"ಏನಾಯ್ತು?"

"ಲಿಮಿಟ್ಟು..."

"ಎಲ್ಲಿ ಆಯ್ತು? ಆಗೋವರೆಗೂ ನಾನು ಬಿಡೋಳಲ್ಲ!"

"ಅದಲ್ಲ, ನಾನು ಬ್ಯಾಂಕಿಗೆ..."

"ನೀವು ಮಧ್ಯ ಬರಬೇಡಿ. ನಿಮ್ಮ ಮೆತ್ತನೆ ಮಾತಿಗೆ ಬಗ್ಗೋ ಜನ ಅಲ್ಲ ಅವರು."

ಊಟದ ತಟ್ಟೆಯ ಮುಂದೆ ಮತ್ತೊಮ್ಮೆ ಯತ್ನಿಸಿದ. ಶುಕ್ರವಾರ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಇನ್ನೊಮ್ಮೆ. ಹೇಗೂ ಅಂಗಡಿಯಲ್ಲಿ ಕಾರ್ಡು ಉಜ್ಜಿದಾಗ ತಾನಾಗಿಯೇ ಗೊತ್ತಾಗುತ್ತದೆ, ಅಲ್ಲಿಯವರೆಗೆ ಅವಳ ಸಂತೋಷಕ್ಕೆ ಅವಳು ಜಗಳವಾಡಿಕೊಳ್ಳಲಿ ಎಂದುಕೊಂಡು ಕೆಲಸಕ್ಕೆ ಹೋದ. ಅವಳು ಗೆದ್ದುಬಿಡಬಹುದು ಎಂಬ ಸಾಧ್ಯತೆ ಮಾತ್ರ ಅವನಿಗೆ ಹೊಳೆಯಲಿಲ್ಲ.

ಶುಕ್ರವಾರದ್ದು ಹನ್ನೊಂದನೆಯ ಕರೆ. ಈ ಸಲ ಟೈಲರಮ್ಮ ಸಣ್ಣಪುಟ್ಟ ಧ್ವನಿಗಳ ಜೊತೆ ಮಾತೇ ಆಡಲಿಲ್ಲ. "ನಿಮಗಿಂತ ಮೇಲಿನವರನ್ನ ಕರೀರಿ" ಎಂದಷ್ಟೇ ಜಪಿಸಿದಳು. ನಲವತ್ತು ನಿಮಿಷದ ಮೇಲೆ, ಗಂಟಲಲ್ಲಿ ನಿದ್ದೆ ತುಂಬಿಕೊಂಡಿದ್ದ ಮೇಲಿನವನೊಬ್ಬ ಬಂದ.

"ಮೇಡಂ, ಈಗಾಗಲೇ ನಿಮ್ಮ..."

"ಈಗಾಗಲೇ ನಾನು ಹತ್ತು ಸಲ ಹೇಳಿದ್ದೀನಿ. ಇದು ಹನ್ನೊಂದು."

"ಹಾಗಲ್ಲ ಮೇಡಂ, ನಿನ್ನೆ ನಿಮ್ಮ ಲಿಮಿಟ್..."

"ನಿನ್ನೆ ಕತೆ ಯಾರಿಗೆ ಬೇಕು? ನನಗೆ ಇವತ್ತು ಆಗ್ಬೇಕು."

"ಸರಿ. ಯಾವ ಕಾರ್ಡಿಂದ ಯಾವ ಕಾರ್ಡಿಗೆ? ಕೊನೆಯ ನಾಲ್ಕು ಅಂಕಿ..."

"ಅಂಕಿ ಗಿಂಕಿ ಕೇಳಬೇಡಿ. ದೊಡ್ಡ ಲಿಮಿಟ್ ಇರೋದರಿಂದ ಚಿಕ್ಕ ಲಿಮಿಟ್ ಇರೋದಕ್ಕೆ. ದೊಡ್ಡದರಲ್ಲಿ ಮೂವತ್ತು ಸಾವಿರ ಬಿಟ್ಟು ಎಲ್ಲಾ ಹಾಕಿ."

"ಮೇಡಂ, ಒಂದ್ಸಲ ಯೋಚನೆ ಮಾಡಿ. ದೊಡ್ಡದು ಅಂದ್ರೆ ಈಗ..."

"ನನ್ನ ಕಾರ್ಡು ನನಗೆ ಗೊತ್ತಿಲ್ವಾ? ಸೋಮವಾರದಿಂದ ನೀವೇ ಮಾತಾಡ್ತಿದ್ದೀರಿ, ಗಿರಾಕಿ ಬಾಯಿ ಬಿಟ್ಟರೆ ಸಾಕು, ಮೇಡಂ ಅಂತ ತಡೀತೀರಿ! ನಾನು ಹೇಳಿದಷ್ಟು ಮಾಡಿ."

ಫೋನಿನ ಆ ಬದಿಯಿಂದ ನಿಟ್ಟುಸಿರೊಂದು ಬಂತು. ಕೀಲಿಗಳು ಟಕಟಕ ಎಂದವು. "ಮಾಡಿದ್ದೀನಿ ಮೇಡಂ."

ಟೈಲರಮ್ಮ ಎದ್ದು ನಿಂತಳು. ಕೊರಳಿನ ಅಳತೆ ಟೇಪು ವಿಜಯಮಾಲೆಯಂತೆ ತೂಗಿತು. "ಕೇಳಿದ್ರಾ ಅತ್ತೆ? ಮಾಡ್ಲೇಬೇಕಾಯ್ತು!"

"ಪಾಪ, ಅವನೇನೋ ಹೇಳೋಕೆ ಬಂದ ಹಾಗಿತ್ತಲ್ಲೇ" ಎಂದರು ಅತ್ತೆ.

"ಹೇಳೋಕೇನಿದೆ? ಸೋತವರು ಗೊಣಗ್ತಾರೆ."

ಶನಿವಾರ ಗಂಡನಿಗೆ ಅರ್ಧ ದಿನ ರಜೆ ಹಾಕಿಸಿ, ಇಬ್ಬರೂ ಮೆಷಿನ್ ಅಂಗಡಿಗೆ ಹೋದರು. ಬಿಳಿ ಬಣ್ಣದ, ನಾಲ್ಕು ದಾರದ ಓವರ್‌ಲಾಕ್ ಮೆಷಿನ್ನನ್ನು ಅವಳು ಚಿಂದಿ ಬಟ್ಟೆ ಹಾಕಿ ಓಡಿಸಿ ನೋಡಿದಳು. ಗಾಳಿಯಲ್ಲಿ ಓಡಿದಂತೆ ಓಡಿತು. ಟೈಲರಮ್ಮ ಕೆಂಪು ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ಮುಂದೆ ಚಾಚಿದಳು. ಅಂಗಡಿಯವನು ಉಜ್ಜಿದ. ಕಾರ್ಡಿನ ಯಂತ್ರ ಕೀಂವ್ ಎಂದಿತು.

"ಲಿಮಿಟ್ ಸಾಲ್ದು ಅಂತಿದೆ ಅಕ್ಕಾ."

"ಇನ್ನೊಂದ್ಸಲ ಉಜ್ಜಿ. ನಿನ್ನೆ ತಾನೇ ಅವರ ಬಾಯಿ ಮುಚ್ಚಿಸಿ, ದೊಡ್ಡದರಿಂದ ಚಿಕ್ಕದಕ್ಕೆ ಹಾಕ್ಸಿದ್ದೀನಿ."

ಗಂಡನ ಮುಖ ಬಿಳಿಚಿಕೊಂಡಿತು. "ನಿನ್ನೆಯಾ?" ಎಂದ. ಮದುವೆಯಾದ ಮೇಲೆ ಮೊದಲ ಬಾರಿಗೆ ಅವನ ಮಾತು ಇಡೀ ಅಂಗಡಿಗೆ ಕೇಳಿಸಿತು. "ಅಯ್ಯೋ, ನಾನು ಗುರುವಾರಾನೇ ಮಾಡ್ಸಿದ್ದೆ ಕಣೇ! ನಿನ್ನೆ ದೊಡ್ಡದು ಅಂದ್ರೆ ಕೆಂಪೇ ಆಗಿತ್ತು. ನೀನು ಹೇಳಿ ಹೇಳಿ ಎಲ್ಲಾನೂ ವಾಪಸ್ ನೀಲಿಗೆ ಹಾಕ್ಸಿದ್ದೀಯ!"

ಅಂಗಡಿಯವನು ಬಹಳ ಆಸಕ್ತಿಯಿಂದ ಕೌಂಟರಿನ ಮೇಲೆ ಮೊಣಕೈ ಊರಿದ.

"ನನಗೆ ಹೇಳಬಾರದಿತ್ತಾ?"

"ಹೇಳಿದೆ."

"ಯಾವಾಗ?"

"ಮೂರು ಸಲ."

"ಜೋರಾಗಿ ಹೇಳಬೇಕಿತ್ತು! ನಿಮ್ಮ ಲೈಬ್ರರಿ ಗಂಟಲಲ್ಲಿ ಹೇಳಿದ್ರೆ ನನಗೇನು ಕೇಳುತ್ತೆ?"

ಶನಿವಾರ ಬ್ಯಾಂಕು ಒಂದು ಗಂಟೆಗೆ ಮುಚ್ಚುತ್ತಿತ್ತು. ಆಟೋ ಹಿಡಿದು ಹನ್ನೆರಡೂವರೆಗೆ ಒಳಗೆ ನುಗ್ಗಿದರು. ಕನ್ನಡಕದ ಹುಡುಗಿ ಗಂಡನನ್ನು ನೋಡಿ ನಕ್ಕಳು. ಆಮೇಲೆ ಕಂಪ್ಯೂಟರ್ ನೋಡಿ ನಗುವುದನ್ನು ನಿಲ್ಲಿಸಿದಳು.

"ಸಾರ್, ನೀವು ಕೊಟ್ಟ ಫಾರಂ ಪ್ರಕಾರ ಮಾಡಿದ್ವಿ. ನಿನ್ನೆ ಯಾರೋ ಫೋನ್ ಮಾಡಿ ಪೂರ್ತಿ ಉಲ್ಟಾ ಮಾಡ್ಸಿದ್ದಾರೆ. ಇಲ್ಲಿ ಷರಾ ಬರೆದಿದ್ದಾರೆ ನೋಡಿ: 'ಗ್ರಾಹಕರಿಗೆ ಮೂರು ಬಾರಿ ವಿವರಿಸಲು ಯತ್ನಿಸಲಾಯಿತು. ಅವಕಾಶ ಸಿಗಲಿಲ್ಲ.' ಮೇಡಂ, ಇದು ನೀವಲ್ಲ ಅಂದ್ರೆ ಹೇಳಿ, ಈಗಲೇ ಪೊಲೀಸ್ ಕಂಪ್ಲೇಂಟ್ ಕೊಡೋಣ. ಕರೆ ರೆಕಾರ್ಡ್ ಆಗಿರುತ್ತೆ."

ಸಾಲಿನಲ್ಲಿ ನಿಂತಿದ್ದವರೆಲ್ಲ ಒಂದು ಹೆಜ್ಜೆ ಹತ್ತಿರ ಬಂದರು.

"ಪೊಲೀಸ್ ಎಲ್ಲಾ ಯಾಕೆ?" ಎಂದಳು ಟೈಲರಮ್ಮ ತಲೆ ಎತ್ತಿ. "ನಾನೇ ಮಾತಾಡಿದ್ದು. ಹೆದರಿಕೊಂಡು ಮುಚ್ಚಿಡೋಳು ನಾನಲ್ಲ. ಆದ್ರೆ ನಿಮ್ಮವನಿಗೆ ಒಂದು ಮಾತು ಪೂರ್ತಿ ಹೇಳೋ ಯೋಗ್ಯತೆ ಇರಲಿಲ್ಲ. ತಪ್ಪು ನಿಮ್ಮದು."

ಹುಡುಗಿ ಒಂದು ಫಾರಂ ಮುಂದಿಟ್ಟಳು. ಮತ್ತೆ ಬದಲಾಯಿಸಲು ಕಾರಣ ತೋರಿಸಬೇಕು. ಕಾರಣಕ್ಕೆ ಎರಡೇ ಚೌಕ: ಬ್ಯಾಂಕಿನ ತಪ್ಪು, ಗ್ರಾಹಕರ ತಪ್ಪು.

"ಬ್ಯಾಂಕಿನ ತಪ್ಪು ಅಂತ ಹಾಕಿದ್ರೆ ವಿಚಾರಣೆ ಆಗುತ್ತೆ ಮೇಡಂ, ತೊಂಬತ್ತು ದಿನ. ಗ್ರಾಹಕರದ್ದು ಅಂತ ಹಾಕಿದ್ರೆ ಹತ್ತು ನಿಮಿಷ."

ಟೈಲರಮ್ಮ ಗಡಿಯಾರ ನೋಡಿದಳು. ಹನ್ನೆರಡು ನಲವತ್ತು. ಗಂಡನನ್ನು ನೋಡಿದಳು. ಅವನು ಗೋಡೆಯ ಮೇಲಿನ ಬಡ್ಡಿ ದರದ ಪಟ್ಟಿಯನ್ನು ಏಕಾಗ್ರತೆಯಿಂದ ಓದುತ್ತಿದ್ದ. ಅರವತ್ತು ಕೋಟು, ನೂರಕ್ಕೆ ಇಪ್ಪತ್ತು, ಸಂಜೆಯವರೆಗೆ. ಅವಳು ಪೆನ್ನು ತೆಗೆದುಕೊಂಡು ಎರಡನೆಯ ಚೌಕದ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಗುರುತು ಹಾಕಿದಳು.

ಹುಡುಗಿ ಅದನ್ನು ಸ್ಕ್ಯಾನ್ ಮಾಡಿದಳು. "ಬರ್ತಿಲ್ಲ ಮೇಡಂ. ಸ್ವಲ್ಪ ಎದ್ದು ಕಾಣೋ ಹಾಗೆ ಹಾಕಿ."

ಇನ್ನೊಂದಷ್ಟು ಎಳೆದಳು.

"ಇನ್ನೂ ದಪ್ಪಗೆ ಮೇಡಂ."

ಸಾಲಿನಿಂದ ಯಾರೋ ಪುಣ್ಯಾತ್ಮರು ಸ್ಕೆಚ್ ಪೆನ್ನು ಕೊಟ್ಟರು. ಟೈಲರಮ್ಮ ಹಲ್ಲು ಕಚ್ಚಿ, ದೂರದ ಬಾಗಿಲಿನಲ್ಲಿದ್ದ ಕಾವಲುಗಾರನಿಗೂ ಕಾಣುವಂಥ ಗುರುತು ಎಳೆದಳು. ಹತ್ತು ನಿಮಿಷಕ್ಕೆ ಲಿಮಿಟ್ಟು ಕೆಂಪಿಗೆ ದಾಟಿತು.

ಮೂರು ಗಂಟೆಗೆ ಓವರ್‌ಲಾಕ್ ಮೆಷಿನ್ ಮನೆಯ ನಡುವೆ ಇಳಿಯಿತು. ಅತ್ತೆ ಅದರ ಸುತ್ತ ಒಂದು ಸುತ್ತು ಬಂದು, ಮಗನ ಮುಖ ನೋಡಿ, ಸೊಸೆಯ ಮುಖ ನೋಡಿ, "ಯಾಕೆ ಇಷ್ಟು ಹೊತ್ತಾಯ್ತು?" ಎಂದರು.

"ಬ್ಯಾಂಕಲ್ಲಿ ಒಂದು ತಪ್ಪಾಗಿತ್ತು ಅತ್ತೆ. ಹೋಗಿ ಸರಿಮಾಡಿಸ್ಕೊಂಡು ಬಂದೆ."

"ಯಾರದ್ದಂತೆ ತಪ್ಪು?"

ಗಂಡ ಬಾಯಿ ತೆರೆದ. ಟೈಲರಮ್ಮ ಮೆಷಿನ್ನಿನ ಸ್ವಿಚ್ಚು ಒತ್ತಿದಳು. ಅದರ ಭರ್ರ್ ಸದ್ದಿನಲ್ಲಿ ಅವನು ಹೇಳಿದ್ದು ಅವನಿಗೇ ಕೇಳಿಸಲಿಲ್ಲ.

"ಯಾರೋ ಗ್ರಾಹಕರದ್ದಂತೆ" ಎಂದು ಅವಳು ಸದ್ದಿನ ಮೇಲೆ ಕೂಗಿದಳು. "ಎಂಥೆಂಥಾ ಜನ ಇರ್ತಾರೆ ನೋಡಿ ಅತ್ತೆ! ಯಾರ ಮಾತೂ ಕೇಳಲ್ವಂತೆ!"