ಹಿನ್ನೆಲೆಯಲ್ಲಿ ಹಿಂಡಿ ಚೀಲ

ನಾನು ಪ್ರಾಣಿಶಾಸ್ತ್ರದ ಪದವೀಧರೆ. ನಮ್ಮ ಬಳಗದ ನಾಮಕರಣ, ನಿಶ್ಚಿತಾರ್ಥಗಳಿಗೆಲ್ಲ ಹಿಂದಿನ ಪರದೆ ಕಟ್ಟಿಸುವವಳೂ ನಾನೇ. ಹೀಗಿರುವಾಗ ಒಂದು ಅಂತಾರಾಷ್ಟ್ರೀಯ ಸಮ್ಮೇಳನವನ್ನು ಚಂದಗಾಣಿಸುವುದು ಯಾವ ಮಹಾ ಕೆಲಸ ಎಂದುಕೊಂಡಿದ್ದೆ.

ಅಕ್ಕನ ಮಗಳು ಸಹನಾ ತರೀಕೆರೆಯಲ್ಲಿ ಡಿಗ್ರಿ ಓದುತ್ತಿದ್ದಾಳೆ. ಸುಸ್ಥಿರ ಅಭಿವೃದ್ಧಿಯ ಬಗ್ಗೆ ಪರದೇಶದಲ್ಲಿ ನಡೆಯುವ ಸಮ್ಮೇಳನದಲ್ಲಿ ಇಲ್ಲಿಂದಲೇ ಆನ್‌ಲೈನ್‌ನಲ್ಲಿ ಮಾತಾಡಲು ಆಯ್ಕೆಯಾಗಿದ್ದಳು. ವಿಷಯ: ಎಮ್ಮೆದೊಡ್ಡಿಯ ಕಾವಲು ಎಂಬ ಹುಲ್ಲುಗಾವಲು ಮತ್ತು ಅಲ್ಲಿ ಮೇಯುವ ಅಮೃತಮಹಲ್ ದನಗಳು. ಮಾತು ಮೆಚ್ಚುಗೆಯಾದರೆ ಮುಂದಿನ ವರ್ಷ ಅಲ್ಲಿಗೇ ಕರೆಸಿಕೊಳ್ಳುತ್ತಾರಂತೆ. ವೈಫೈ ಚೆನ್ನಾಗಿದೆಯೆಂದು ಹುಡುಗಿ ಕಡೂರಿನ ನಮ್ಮ ಮನೆಗೆ ಬಂದಳು.

"ದನದ ವಿಷ್ಯಾನ ಬೀರು ಮುಂದೆ ಕೂತು ಮಾತಾಡ್ತೀಯೇನೇ? ಕಾವಲಿಗೇ ಹೋಗಾಣ. ಹಿಂದೆ ದನ, ಮುಂದೆ ನೀನು!" ಎಂದೆ.

"ಚಿಕ್ಕಮ್ಮ, ಮನೇನೇ ಸಾಕು..."

"ನಿಮ್ಮ ಚಿಕ್ಕಮ್ಮ ಹೇಳಿದ್ಮೇಲೆ ಆಯ್ತು ಬಿಡವ್ವ" ಎಂದು ನಮ್ಮೆಜಮಾನರು ಕಾರಿನ ಕೀಲಿ ಹುಡುಕಿದರು. ಮದುವೆಯಾದಂದಿನಿಂದ ಅವರು ಮಂಡಿಸುತ್ತಿರುವ ಏಕೈಕ ವಾದ ಅದು.

ಕಾವಲಿನ ಅಂಚಿನಲ್ಲಿ ಸಿಗ್ನಲ್ ಭರ್ತಿಯಾಗಿತ್ತು. ಸ್ಟ್ಯಾಂಡಿಗೆ ಮೊಬೈಲ್ ಸಿಕ್ಕಿಸಿ, ಕಾವಲಿಗೆ ಬೆನ್ನು ಮಾಡಿ ಸಹನಾ ನಿಂತಳು. ಆದರೆ ದನಗಳು ದೂರದಲ್ಲಿ ಚುಕ್ಕೆಗಳಂತೆ ಕಾಣುತ್ತಿದ್ದವು. ಚುಕ್ಕೆಗಳನ್ನು ನೋಡಿ ಪರದೇಶದವರು ಏನು ಮೆಚ್ಚಿಯಾರು? ಇದನ್ನು ಮುಂಚೆಯೇ ಊಹಿಸಿ, ಮದುವೆಮನೆಯಲ್ಲಿ ಕೊಟ್ಟ ತಾಂಬೂಲದ ಚೀಲದ ತುಂಬ ಕಡಲೆಕಾಯಿ ಹಿಂಡಿ ತಂದಿದ್ದೆ!

ದನ ಕಾಯುವ ರಂಗಪ್ಪ ದೂರದಿಂದಲೇ ಕೂಗಿದ: "ಅಮ್ಮಾ, ಹೊಸಬ್ರು ಹತ್ರ ಹೋಗ್ಬ್ಯಾಡಿ! ಅವು ಮನೆ ದನ ಅಲ್ಲ!"

ನಾನು ಪದವೀಧರೆಯ ಮಂದಹಾಸ ಬೀರಿ, ಹಿಂಡಿ ಚೆಲ್ಲುತ್ತ ಮುಂದುವರಿದೆ. ಒಂದು ಹಸು ತಲೆಯೆತ್ತಿತು. ಅದರ ಕೊಂಬುಗಳು ಎರಡು ಕತ್ತಿಗಳಂತೆ ಮೇಲೆದ್ದವು. ಆಮೇಲೆ ಇಡೀ ಮಂದೆಯೇ ತಲೆಯೆತ್ತಿತು. ನಮ್ಮ ಕಾಲೇಜಿನಲ್ಲಿ ಕಪ್ಪೆ ಮಾತ್ರ ಕೊಯ್ಯಿಸಿದ್ದರು ಎಂಬುದು ನನಗೆ ಆಗ ನೆನಪಾಯಿತು.

ಓಡಿದೆ.

ಅದೇ ಹೊತ್ತಿಗೆ ಸಹನಾ ಇಂಗ್ಲಿಷಿನಲ್ಲಿ ಗಂಭೀರವಾಗಿ, "ನಮ್ಮಲ್ಲಿ ಮನುಷ್ಯರೂ ದನಗಳೂ ತಲೆಮಾರುಗಳಿಂದ ಸಾಮರಸ್ಯದಿಂದ ಬಾಳಿದ್ದಾರೆ" ಎನ್ನುತ್ತಿದ್ದಳು. ನಾನು ಅವಳ ಹಿಂದೆ ಎಡದಿಂದ ಬಲಕ್ಕೆ ಹಾದುಹೋದೆ. ಮಂದೆಯೂ ಹಾದುಹೋಯಿತು. ಸ್ವಲ್ಪ ಹೊತ್ತಿಗೆ ನಾವೆಲ್ಲ ಬಲದಿಂದ ಎಡಕ್ಕೆ ಬಂದೆವು!

ಯಜಮಾನರು ಕಾರಿನೊಳಗೆ ಗಾಜು ಏರಿಸಿಕೊಂಡು ಭದ್ರವಾಗಿ ಕೂತಿದ್ದರು.

"ರೀ, ಬಾಗ್ಲು ತೆಗೀರೀ!"

"ಲೇ, ಮೊದ್ಲು ಚೀಲ ಬಿಸಾಕೇ!"

"ಬಾಗ್ಲು ತೆಗೀರೀ ಅಂದ್ರೆ!"

"ಚೀಲ ಕಣೇ! ಅವಕ್ಕೆ ಬೇಕಿರೋದು ನೀನಲ್ಲ, ಚೀಲ!"

ಇಪ್ಪತ್ತು ವರ್ಷದ ದಾಂಪತ್ಯದಲ್ಲಿ ಅವರು ಆಡಿದ ಅತ್ಯಂತ ವಿವೇಕದ ಮಾತು ಅದು. ನಾನು ಕೇಳಲಿಲ್ಲ. ಬಿಸಿಲಿಗೆ ಕಾದ ಬಾನೆಟ್ ಹತ್ತಿ, ಅಲ್ಲಿಂದ ಕಾರಿನ ನೆತ್ತಿಗೇರಿ, ಚೀಲವನ್ನು ಎದೆಗವಚಿಕೊಂಡು ಕೂತೆ. ಸುತ್ತಲೂ ಕೊಂಬುಗಳ ಬೇಲಿ. ಒಂದು ಹಸು ನನ್ನ ಸೆರಗಿನ ತುದಿಯನ್ನು ಶಾಂತವಾಗಿ ಅಗಿಯತೊಡಗಿತು. ಅದರ ಬಿಸಿಯುಸಿರು ಈಗಲೂ ನನ್ನ ಮೊಣಕಾಲಿಗೆ ತಾಗಿದಂತಾಗುತ್ತದೆ!

ಕೊನೆಗೆ ರಂಗಪ್ಪ ಓಡಿಬಂದು ಒಂದು ಕೂಗು ಹಾಕಿದ. ಮಂದೆ ಶಾಲೆಯ ಮಕ್ಕಳಂತೆ ಅವನ ಹಿಂದೆ ಹೊರಟಿತು. ಹಿಂಡಿಯ ಕಡೆ ತಿರುಗಿಯೂ ನೋಡಲಿಲ್ಲ.

ಅಷ್ಟರಲ್ಲಿ ಸಹನಾಳ ಮಾತು ಮುಗಿದಿತ್ತು. ಆ ಕಡೆಯಿಂದ ಒಬ್ಬ ಹೆಂಗಸು ಕಳವಳದಿಂದ ಕೇಳಿದಳು: "ಹಿಂದೆ ಓಡಿದವರು ಯಾರು? ಕ್ಷೇಮವಾಗಿದ್ದಾರೆಯೇ?"

ಸಹನಾ ತಿರುಗಿ ನನ್ನನ್ನು ನೋಡಿದಳು. "ಕ್ಷೇಮ. ಈ ದನಗಳು ಕಾಯುವವನ ದನಿಗೆ ಮಾತ್ರ ಬಗ್ಗುತ್ತವೆ. ಕಾವಲು ಉಳಿಯಬೇಕಾದರೆ ಅದನ್ನು ಬಲ್ಲವರನ್ನು ಕೇಳಬೇಕು ಎಂದೆನಲ್ಲ, ಅದಕ್ಕೆ ಉದಾಹರಣೆ ಅವರು. ನನ್ನ ಚಿಕ್ಕಮ್ಮ. ಪ್ರಾಣಿಶಾಸ್ತ್ರ ಓದಿದ್ದಾರೆ."

ಸಭೆ ಬಿದ್ದು ಬಿದ್ದು ನಕ್ಕಿತು. ಚಪ್ಪಾಳೆ ನಿಲ್ಲಲೇ ಇಲ್ಲ!

ಕಳೆದ ವಾರ ಅವಳಿಗೆ ಆಹ್ವಾನ ಬಂತು. "ಜೊತೆಗೆ ನಾನೂ ಬರ‍್ಲೇನೇ?" ಎಂದೆ.

"ಬ್ಯಾಡಿ ಚಿಕ್ಕಮ್ಮ, ಅಲ್ಲೂ ದನ ಇದಾವಂತೆ."

ಮೊನ್ನೆ ಕಡೂರು ಸಂತೆಯಲ್ಲಿ ಒಂದು ಬಡಕಲು ಬೀದಿ ಹಸು ನನ್ನ ಸೊಪ್ಪಿನ ಚೀಲದತ್ತ ನೋಡಿತು. ಬರೀ ನೋಡಿತಷ್ಟೇ! ಚೀಲವನ್ನು ಅದರ ಪಾದದ ಬಳಿ ಇಟ್ಟು, ಕೈಮುಗಿದು ಬಂದುಬಿಟ್ಟೆ.

ಅಂದು ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಊಟ.