ನಾನು ಹತ್ತಿದ್ದ ಗುಡ್ಡ

ಹೆಣ್ಣು ನೋಡಲು ಹೋದಾಗ ಹೇಳಿದ ಸುಳ್ಳಿಗೆ ಆಯಸ್ಸು ಗಟ್ಟಿ. ಮಿಕ್ಕ ಸುಳ್ಳುಗಳು ಮದುವೆಯಾದ ಆರು ತಿಂಗಳಲ್ಲಿ ಸಿಕ್ಕಿಬೀಳುತ್ತವೆ. ನನ್ನ ಈ ಒಂದು ಸುಳ್ಳು ಮಾತ್ರ ಇಪ್ಪತ್ತಾರು ವರ್ಷ ಸುಖವಾಗಿ ಬಾಳಿತು. ಅಂದು ಭದ್ರಾವತಿಯ ಜನ್ನಾಪುರದಲ್ಲಿ, ಸುಮಳ ಮನೆಯಲ್ಲಿ, ಉಪ್ಪಿಟ್ಟು ಕೇಸರಿಬಾತು ಮುಗಿದು ಯಾರಿಗೂ ಮಾತು ಹೊಳೆಯದ ಹೊತ್ತು. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಅವಳಪ್ಪ ಮೊದಲೇ ಮಿತಭಾಷಿ. ಶಿವಮೊಗ್ಗದಿಂದ ಬರುವಾಗ ಬಸ್ಸಿನ ಕಿಟಕಿಯಲ್ಲಿ ಕಂಡಿದ್ದ ಒಂದು ಬೋಳುಗುಡ್ಡ ನನ್ನ ನೆರವಿಗೆ ಬಂತು. "ದಾರೀಲಿ ಬೋಳುಗುಡ್ಡ ಇದೆಯಲ್ಲ, ಅದನ್ನ ಹತ್ತಿದೀನಿ ನಾನು. ತುದಿಯಿಂದ ನಿಮ್ಮ ಜನ್ನಾಪುರ ಪೂರಾ ಕಾಣುತ್ತೆ" ಎಂದುಬಿಟ್ಟೆ. ಸುಮ ತಲೆಯೆತ್ತಿ ನೋಡಿದಳು. ಆ ನೋಟಕ್ಕೆ ಹಿಮಾಲಯವನ್ನೂ ಹತ್ತಿದ್ದೇನೆ ಎನ್ನುತ್ತಿದ್ದೆನೋ ಏನೋ, ಅಷ್ಟರಲ್ಲಿ ಕಾಫಿ ಬಂತು.

ವರ್ಷಕ್ಕೊಂದು ಭರಣಿ ನೆಲ್ಲಿಕಾಯಿ ಉಪ್ಪಿನಕಾಯಿ ನನಗೆಂದೇ ಕಳಿಸುತ್ತಿದ್ದ ಮಾವ ಕಳೆದ ವರ್ಷ ತೀರಿಕೊಂಡರು. ಮೊನ್ನೆ ಶಿವಮೊಗ್ಗದ ಗೋಪಾಳದ ನಮ್ಮ ಮನೆಯಲ್ಲಿ ಚಪಾತಿ ಲಟ್ಟಿಸುತ್ತಾ ಸುಮ, "ರೀ, ನೀವು ಹತ್ತಿದ್ರಲ್ಲ ಆ ಗುಡ್ಡ, ಒಂದ್ಸಲ ಕರ್ಕೊಂಡು ಹೋಗಿ. ಮೇಲಿಂದ ಅಪ್ಪನ ಮನೆ ನೋಡ್ಬೇಕು" ಅಂದಳು. ಮಂಡಿನೋವು, ಬಿಸಿಲು, ಚಿರತೆ ಎಲ್ಲವನ್ನೂ ಹೇಳಿ ನೋಡಿದೆ. ಅವಳು ಬುತ್ತಿ ಕಟ್ಟಿದಳು. ಸುಳ್ಳು ಬಯಲಾಗುವ ಭಯಕ್ಕಿಂತ, ಅಷ್ಟು ಆಸೆಯಿಂದ ಹತ್ತಿದವಳಿಗೆ ಆ ಮನೆ ಕಾಣದಿದ್ದರೆ ಎಂಬ ಸಂಕಟವೇ ನನಗೆ ದೊಡ್ಡದಾಗಿತ್ತು.

ಗುಡ್ಡದ ಬುಡದಲ್ಲಿ ದನ ಮೇಯಿಸುತ್ತಿದ್ದ ಅಜ್ಜನೊಬ್ಬ, "ಅಲ್ಲೇನಿದೆ ಅಂತ ಹೋಗ್ತೀರಿ ಮಾರಾಯ್ರೆ? ಬರೀ ಕಲ್ಲು" ಎಂದ. ಬಲ್ಲವನ ಗತ್ತಿನಲ್ಲಿ ಮುಂದೆ ನಡೆದ ನಾನು ಮೂರು ಸಲ ಮುಳ್ಳುಪೊದೆಗೇ ನುಗ್ಗಿದೆ. "ಆಗ ಇಲ್ಲಿ ದಾರಿ ಇತ್ತು" ಎಂದೆ. "ಇರುತ್ತೆ ಬಿಡಿ" ಎಂದು ಅವಳು ನನ್ನ ಅಂಗಿಯ ಮುಳ್ಳು ಬಿಡಿಸಿದಳು.

ನೆತ್ತಿಯಲ್ಲಿ ಒಂದು ಬಂಡೆ, ಒಂದು ನೆಲ್ಲಿಮರ. ಭದ್ರಾವತಿಯ ದಿಕ್ಕಿಗೆ ಇನ್ನೂ ಎತ್ತರದ ಗುಡ್ಡವೊಂದು ಅಡ್ಡ ನಿಂತಿತ್ತು. ಜನ್ನಾಪುರವಿರಲಿ, ಅಲ್ಲಿನ ಕಾಗೆಯೂ ಕಾಣುವಂತಿರಲಿಲ್ಲ. "ಸುಮಾ, ನಾನು ಈ ಗುಡ್ಡ ಹತ್ತೇ ಇರ್ಲಿಲ್ಲ ಕಣೆ" ಎಂದೆ.

"ಗೊತ್ತು" ಅಂದಳು, ಬುತ್ತಿ ಬಿಚ್ಚುತ್ತಾ. "ಅಪ್ಪ ವಾರದ ರಜೇಲಿ ನೆಲ್ಲಿಕಾಯಿಗೆ ಇಲ್ಲಿಗೇ ಬರ್ತಿದ್ರು. ಆವತ್ತು ನೀವು ಹೊರಟ ಮೇಲೆ ಹೇಳಿದ್ರು, 'ಹುಡುಗ ಗುಡ್ಡ ಹತ್ತಿಲ್ಲ. ಆದ್ರೆ ನಮ್ಮನೆ ಕಾಣ್ಲಿ ಅಂತ ಆಸೆ ಇದೆ. ಒಪ್ಕೋ ಮಗಾ' ಅಂತ."

"ಮತ್ಯಾಕೆ ಇಲ್ಲಿಗೆ ಬಂದಿದ್ದು?"

"ಅಪ್ಪ ಕೂರ್ತಿದ್ದ ಬಂಡೆ ಮೇಲೆ ಒಂದ್ಸಲ ಕೂರ್ಬೇಕು ಅನ್ನಿಸ್ತು."

ಅಷ್ಟು ವರ್ಷ ಇದೇ ಮರದ ನೆಲ್ಲಿಕಾಯಿಯ ಉಪ್ಪಿನಕಾಯಿಯನ್ನು ಚಪ್ಪರಿಸಿದ್ದೆ; ಮಾವ ಒಂದು ದಿನವೂ ತುಟಿ ಬಿಚ್ಚಿರಲಿಲ್ಲ. ನನ್ನ ಕಣ್ಣು ತುಂಬಿತು. ಇಬ್ಬರೂ ಬಂಡೆಯ ಮೇಲೆ ಕೂತು ಚಪಾತಿ ತಿಂದೆವು.

ಇಳಿದು ಬಂದಾಗ ಅಜ್ಜ ಬಿಡಬೇಕಲ್ಲ. "ಏನು ಕಾಣಿಸ್ತು?" ಎಂದು ಕೇಳಿದ.

"ಜನ್ನಾಪುರ ಪೂರಾ ಕಾಣುತ್ತೆ" ಎಂದೆ. ಸುಮ ಪಕ್ಕದಲ್ಲಿ ನಿಂತು ಹೌದೆಂದು ತಲೆಯಾಡಿಸಿದಳು.