ಹೃದಯಕ್ಕೆ ಎರಡು ಪಾಲು

ಹೊನ್ನಾವರ ತಾಲೂಕಿನಲ್ಲಿ ವೈದ್ಯಕೀಯ ಸಹಾಯಕರಾಗಲು ಬಯಸುವವರ ಸಂಖ್ಯೆಗೆ ಹೋಲಿಸಿದರೆ ರೋಗಿಗಳ ಸಂಖ್ಯೆ ತೀರಾ ಕಡಿಮೆ. ಇದರಲ್ಲಿ ಯಾರ ತಪ್ಪೂ ಇಲ್ಲ.

ಬಂದರು ರಸ್ತೆಯಲ್ಲಿ ನನ್ನ ಬಲೆ-ಹಗ್ಗದ ಅಂಗಡಿ. ಅದರ ಮಾಳಿಗೆಯಲ್ಲಿ ವೈದ್ಯಕೀಯ ಸಹಾಯಕರ ತರಬೇತಿ ಕೇಂದ್ರ. ಪ್ರಾಚಾರ್ಯರು ಕುಮಟಾದ ನಾಗೇಶ ಸರ್, ಹಿಂದೆ ಟೈಪಿಂಗ್ ಕಲಿಸುತ್ತಿದ್ದವರು. ಬಾಡಿಗೆ ತಿಂಗಳ ಐದನೇ ತಾರೀಕಿಗೆ ತಪ್ಪದೆ ಬರುತ್ತದೆ. ಆದ್ದರಿಂದ ಶಿಕ್ಷಣದ ಗುಣಮಟ್ಟದ ಬಗ್ಗೆ ನನಗೆ ಯಾವ ಸಂಶಯವೂ ಇಲ್ಲ.

ಕಾಸರಕೋಡದ ದುರ್ಗಿ ಒಣಮೀನು ವ್ಯಾಪಾರದವಳು. ಮಗಳು ಚಂದನಾಳನ್ನು ಕರೆದುಕೊಂಡು, ಮಾಳಿಗೆ ಹತ್ತುವ ಮೊದಲು ಅಂಗಡಿಗೆ ಬಂದಳು. ಸೊಂಟದ ಚೀಲದಲ್ಲಿ ಐವತ್ತೈದು ಸಾವಿರ. ಮೀನು ಸಾಗಿಸಲು ಹಳೇ ರಿಕ್ಷಾ ಕೊಳ್ಳಬೇಕೆಂದು ಕೂಡಿಸಿಟ್ಟ ಹಣ.

"ಶೇಟ್ರೆ, ಇಷ್ಟು ಸುರಿದ್ರೆ ಎಷ್ಟು ದಿವ್ಸಕ್ಕೆ ವಾಪಸ್ ಬತ್ತದೆ? ಮೀನಾದ್ರೆ ನಂಗೆ ಗೊತ್ತದೆ. ಇದು ಎಂತ ಸರಕೋ."

"ಅಮ್ಮಾ, ನಾ ಸರಕಲ್ಲ."

"ಸುಮ್ನಿರೆ. ದುಡ್ಡು ಹಾಕೂದೆಲ್ಲ ಸರಕೇಯ."

ಕೇಂದ್ರದ ಕರಪತ್ರದಲ್ಲಿ 'ಮಾಸಿಕ ಆದಾಯ ಆರೂವರೆ ಸಾವಿರದಿಂದ ಎರಡು ಲಕ್ಷದವರೆಗೆ' ಎಂದು ಅಚ್ಚಾಗಿತ್ತು. ಆರೂವರೆ ಸಾವಿರ ಕುಮಟಾದ ಕ್ಲಿನಿಕ್ಕುಗಳು ಕೊಡುವ ಸಂಬಳ. ಎರಡು ಲಕ್ಷ ಯಾರಿಗೆ ಎಂದು ವಿಚಾರಿಸಲಾಗಿ, ಅದು ಪ್ರಾಚಾರ್ಯರ ಸ್ವಂತ ಆದಾಯವೆಂದು ತಿಳಿದುಬಂತು. ಕರಪತ್ರದಲ್ಲಿ ಸುಳ್ಳೇನೂ ಇರಲಿಲ್ಲ.

ಬಸ್ ಚಾರ್ಜು, ಮಧ್ಯಾಹ್ನದ ಊಟ, ಬಿಳಿ ಕೋಟಿನ ಸೋಪು ಕಳೆದರೆ ತಿಂಗಳಿಗೆ ಮೂರು ಸಾವಿರ ಉಳಿದೀತು, ಅಸಲು ಕೈಗೆ ಬರಲು ಒಂದೂವರೆ ವರ್ಷ ಬೇಕು, ರಿಕ್ಷಾವೇ ಲೇಸು ಎಂದೆ.

"ರಿಕ್ಷಾದಲ್ಲಿ ಕೂತ್ರೆ ಮೀನಿನೋಳು ಅಂತ್ರು. ಕೋಟು ಹಾಕಿದ್ರೆ ಸಿಸ್ಟರ್ ಅಂತ್ರು" ಎಂದು ದುರ್ಗಿ ಮೆಟ್ಟಿಲು ಹತ್ತಿದಳು. ಹಣ ಕಟ್ಟಿಯಾತು.

ಅಷ್ಟರಲ್ಲಿ ಸರ್ಕಾರದ ನಿಯಮ ಹದಿನಾಲ್ಕು ಅಡ್ಡ ಬಂತು: ಪ್ರತಿ ವಿದ್ಯಾರ್ಥಿಯೂ ನಲವತ್ತು ರೋಗಿಗಳನ್ನು ಖುದ್ದಾಗಿ ಪರೀಕ್ಷಿಸಿರತಕ್ಕದ್ದು, ತಪ್ಪಿದಲ್ಲಿ ಪ್ರಮಾಣಪತ್ರವಿಲ್ಲ, ಶುಲ್ಕವೂ ವಾಪಸಿಲ್ಲ. ಕೇಂದ್ರದಲ್ಲಿದ್ದ ಏಕೈಕ ರೋಗಿಯೆಂದರೆ ಒಂದು ಪ್ಲಾಸ್ಟಿಕ್ ತೋಳು.

ನಾಗೇಶ ಸರ್ ಕೆಳಗಿಳಿದು ಬಂದು, ರೋಗಿಗಳು ಎಲ್ಲಿ ಸಿಗುತ್ತಾರೆ ಎಂದು ಕೇಳಿದರು. ಯಾವ ಸರಕಿಗೂ ಹೇಳುವ ಮಾತನ್ನೇ ಹೇಳಿದೆ: ಸೀಸನ್ನಿನಲ್ಲಿ ಕೊಳ್ಳಿ. ಜೂನ್ ಬಂದಿತ್ತು. ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ಬೋಟುಗಳೆಲ್ಲ ದಡದಲ್ಲಿ, ಜನ ಸೋವಿ.

ಬೋಟಿನ ಮುಖ್ಯಸ್ಥ, ತಂಡೇಲ ವೆಂಕ್ಟ್ರಮಣ, ತನ್ನ ಜನರನ್ನು ರೋಗಿಗಳಾಗಿ ನಟಿಸಲು ಒಪ್ಪಿಸಿದ. ಆದರೆ ಶರತ್ತು ಹಾಕಿದ: "ಕೂಲಿಗೆ ನಮ್ಮವ್ರು ಬರೂದಿಲ್ಲ ಸರ್. ಪಾಲಿಗಾದ್ರೆ ಬತ್ರು." ಬೋಟಿನಲ್ಲಿ ಹಿಡಿದ ಮೀನನ್ನು ಪಾಲು ಹಾಕುವುದೇ ಪದ್ಧತಿ. ಮರುದಿನ ಮಾಳಿಗೆಯ ಬಾಗಿಲಿಗೆ ಪ್ರಕಟಣೆ ಬಿತ್ತು:

'ಒಂದು ಪಾಲು ಎಂದರೆ ದಿನಕ್ಕೆ ನಾನೂರು ರೂಪಾಯಿ. ಜ್ವರ, ಕೆಮ್ಮು: ಅರ್ಧ ಪಾಲು. ಸಕ್ಕರೆ ಕಾಯಿಲೆ: ಒಂದು ಪಾಲು. ಹೃದಯ: ಎರಡು ಪಾಲು, ತಂಡೇಲರಿಗೆ ಮೀಸಲು. ನಿಜವಾದ ಕಾಯಿಲೆ ಇರುವವರು ಒಳಬರಕೂಡದು. ಅವರಿಂದ ಕಲಿಕೆಗೆ ಅಡ್ಡಿಯಾಗುತ್ತದೆ.'

ಬೋಟಿನ ಅಡುಗೆಯ ಈರ ಎರಡನೇ ವಾರವೇ ತಕರಾರು ತೆಗೆದ. "ತಂಡೇಲ್ರೆ, ಕೆಮ್ಮಿ ಕೆಮ್ಮಿ ಎದೆ ನೋವು ಬಂತು. ನನ್ನನ್ನೂ ಹೃದಯಕ್ಕೆ ಹಾಕಿ."

"ಮೊನ್ನೆ ಬಂದವ್ನಿಗೆ ಹೃದಯವಾ? ಮೊದ್ಲು ಎರಡು ವರ್ಷ ಸಕ್ಕರೆ ಮಾಡು."

ಆಗಸ್ಟಿನಲ್ಲಿ ಕಡಲು ತೆರೆಯಿತು. ರೋಗಿಗಳೆಲ್ಲ ಒಂದೇ ಬೆಳಿಗ್ಗೆ ಗುಣವಾಗಿ ಬಂಗಡೆ ಹಿಡಿಯಲು ಹೊರಟುಹೋದರು. ಚಂದನಾಳ ಲೆಕ್ಕದಲ್ಲಿ ಇನ್ನೂ ಅರ್ಧದಷ್ಟು ರೋಗಿಗಳು ಬಾಕಿ, ತಪಾಸಣಾಧಿಕಾರಿ ಬರುವುದು ಸೋಮವಾರ. ದುರ್ಗಿ ಬಂದು ನನ್ನ ಹಗ್ಗದ ಸುರುಳಿಯ ಮೇಲೆ ಕೂತುಬಿಟ್ಟಳು.

"ಐವತ್ತೈದು ಸಾವ್ರ ಸಮುದ್ರಕ್ಕೆ ಹೋಯ್ತನಾ ಶೇಟ್ರೆ?"

ನಾಗೇಶ ಸರ್ ದಾರಿ ಕಂಡುಹಿಡಿದರು: ವಿದ್ಯಾರ್ಥಿಗಳೇ ಸರದಿಯಂತೆ ಒಬ್ಬರಿಗೊಬ್ಬರು ರೋಗಿಗಳಾಗತಕ್ಕದ್ದು. ಸೋಮವಾರದ ಹೊತ್ತಿಗೆ ಎಲ್ಲರ ನಲವತ್ತೂ ಭರ್ತಿಯಾದವು. ತಪಾಸಣೆಯ ವೇಳೆ ಹೃದಯದ ಸರದಿ ಚಂದನಾಳದು. ಪಾಠವನ್ನೆಲ್ಲ ಅರೆದು ಕುಡಿದ ಹುಡುಗಿ. ಎಡತೋಳು ಹಿಡಿದು, ಹಣೆಯಲ್ಲಿ ಬೆವರೊಡೆದು, ಎಷ್ಟು ಕ್ರಮಬದ್ಧವಾಗಿ ನರಳಿದಳೆಂದರೆ ಅಧಿಕಾರಿಗಳು ಆಂಬುಲೆನ್ಸಿಗೆ ಫೋನು ತೆಗೆದರು.

"ಇಂಥ ರೋಗಿಯನ್ನು ಆಸ್ಪತ್ರೆಯಲ್ಲೂ ಕಂಡಿಲ್ಲ" ಎಂದು ಷರಾ ಬರೆದರು. ಎಲ್ಲರೂ ಪಾಸು. ಜೊತೆಗೆ ನಿಯಮ ಹದಿನೈದು ಜಾರಿಗೆ ಬಂತು: ತರಬೇತಿಯಿಲ್ಲದ ರೋಗಿಗಳು ತಪ್ಪು ಲಕ್ಷಣ ತೋರಿಸುವುದರಿಂದ, ಇನ್ನು ಮುಂದೆ ತರಬೇತಿ ಕೇಂದ್ರಗಳಲ್ಲಿ ರೋಗಿಯಾಗಲು ವೈದ್ಯಕೀಯ ಸಹಾಯಕ ಪ್ರಮಾಣಪತ್ರ ಕಡ್ಡಾಯ.

ಚಂದನಾಳಿಗೆ ಹೃದಯ ಕಾಯಂ ಆಯಿತು. ಕುಮಟಾ, ಭಟ್ಕಳದ ಕೇಂದ್ರಗಳೂ ವಾರಕ್ಕೊಂದು ದಿನ ಕರೆಸಿಕೊಳ್ಳುತ್ತವೆ. ದಿನಕ್ಕೆ ಎಂಟುನೂರು. ನಾಲ್ಕು ತಿಂಗಳಲ್ಲಿ ಅಸಲು ಬಂತು. ನನ್ನ ಲೆಕ್ಕ ತಪ್ಪಾಗಿತ್ತು. ರೋಗಕ್ಕಿರುವ ಬೆಲೆ ಶುಶ್ರೂಷೆಗಿಲ್ಲ ಎಂಬುದನ್ನು ನಾನು ಹಿಡಿದಿರಲಿಲ್ಲ.

ಕುಮಟಾದ ಡಾಕ್ಟರೊಬ್ಬರು ಆರೂವರೆ ಸಾವಿರದ ಕೆಲಸಕ್ಕೆ ಫೋನು ಮಾಡಿದಾಗ ದುರ್ಗಿಯೇ ಎತ್ತಿಕೊಂಡಳು.

"ಇಲ್ರಾ ಡಾಕ್ಟ್ರೆ, ಅವ್ಳಿಗೆ ಹೃದಯ ಬಿಟ್ಟು ಬರೂಕಾಗೂದಿಲ್ಲ."

"ಯಾಕಮ್ಮ, ಹುಷಾರಿಲ್ವಾ?"

"ಹುಷಾರಿದ್ರೆ ಯಾರು ದುಡ್ಡು ಕೊಡ್ತ್ರು?"

ಡಾಕ್ಟರು ಸ್ವಲ್ಪ ಯೋಚಿಸಿ, ಅದೂ ಸರಿಯೇ ಎಂದು ಫೋನಿಟ್ಟರಂತೆ.

ಮೊನ್ನೆ ದುರ್ಗಿ ತನ್ನ ತಂಗಿಯ ಮಗಳು ಲಕ್ಕಿಯನ್ನು ಕರೆತಂದಳು. ಈ ಸಲ ನನ್ನನ್ನೇನೂ ಕೇಳಲಿಲ್ಲ. ಹೊಸ ರೇಟಿನಂತೆ ಎಪ್ಪತ್ತು ಸಾವಿರ ಹಿಡಿದು ನೇರ ಮೆಟ್ಟಿಲ ಬುಡದಲ್ಲಿದ್ದ ನಾಗೇಶ ಸರ್ ಹತ್ತಿರ ಹೋದಳು.

"ಇವ್ಳಿಗೂ ಒಂದು ಗಟ್ಟಿ ಕಾಯಿಲೆ ನೋಡಿ ಸರ್. ಜ್ವರ-ಗಿರ ಬೇಡ."

"ಮೂತ್ರಪಿಂಡ ಖಾಲಿ ಇದೆ" ಎಂದರು ನಾಗೇಶ ಸರ್. "ಈ ತಿಂಗಳೇ ಸೇರಿದರೆ ಎರಡನ್ನೂ ಕೊಡೋಣ."

ಬುಟ್ಟಿ ಬಂಗಡೆಗೆ ಅರ್ಧ ತಾಸು ಜಗ್ಗಾಡುವ ದುರ್ಗಿ ಚೌಕಾಸಿ ಮಾಡಲಿಲ್ಲ.